ಸೊಸೈಟಿ ಮುಳುಗಿದರೆ ಪೇಟೆಗೂ ಪೆಟ್ಟು

ಪತ್ತಿನ ಸಹಕಾರಿ ಸಂಘವೊಂದು ದಿವಾಳಿಯೆದ್ದಾಗ ಪತ್ರಿಕೆಗಳಲ್ಲಿ ಬರುವುದು ಎಷ್ಟು ಕೋಟಿ ಅವ್ಯವಹಾರ, ಎಷ್ಟು ಮಂದಿ ಠೇವಣಿದಾರರು ಎಂಬ ಲೆಕ್ಕ. ಆ ಲೆಕ್ಕಕ್ಕೆ ಸಿಗದ ಹಾನಿಯೇ ದೊಡ್ಡದು ಎಂಬುದನ್ನು ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡಿರುವ ನಾನು ಕಣ್ಣಾರೆ ಕಂಡಿದ್ದೇನೆ.

ರಬಕವಿ-ಬನಹಟ್ಟಿಯ ನೇಕಾರರಿಗೆ, ಮಹಾಲಿಂಗಪುರದ ಬೆಲ್ಲದ ಪೇಟೆಯ ಹಮಾಲರಿಗೆ ಸೊಸೈಟಿಯು ಬ್ಯಾಂಕಿಗಿಂತ ಹತ್ತಿರದ್ದು. ಪಿಗ್ಮಿ ಏಜೆಂಟ್ ಸಂಜೆ ಮನೆಬಾಗಿಲಿಗೇ ಬಂದು ಐವತ್ತೋ ನೂರೋ ರೂಪಾಯಿ ಪಡೆದು, ಕೈಯಲ್ಲಿರುವ ಯಂತ್ರದಿಂದ ಚೀಟಿ ಹರಿದು ಕೊಡುತ್ತಾನೆ. ಮಗ್ಗದ ದುರಸ್ತಿಯೂ ಮಗಳ ಮದುವೆಯೂ ಆ ದುಡ್ಡಿನಿಂದಲೇ ಆಗಬೇಕು. ಇಲ್ಲಿನ ಒಂದು ಸೊಸೈಟಿಗೆ ಬೀಗ ಬಿದ್ದಾಗ ಜನ ಹಿಡಿದು ಕೇಳಿದ್ದು ಅಧ್ಯಕ್ಷರನ್ನಲ್ಲ, ಆ ಏಜೆಂಟನನ್ನು. "ನಿನ್ನ ಮಾರಿ ನೋಡಿ ರೊಕ್ಕ ಕೊಟ್ಟೇನಿ ತಮ್ಮಾ, ನೀನ ತಂದು ಕೊಡು" ಎಂದು ವಯಸ್ಸಾದ ತಾಯಿಯೊಬ್ಬರು ಅವನ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ತನ್ನ ಕಮಿಷನ್ ಹಣವನ್ನೂ ಅಲ್ಲಿಯೇ ಠೇವಣಿ ಇಟ್ಟಿದ್ದ ಅವನ ಬಳಿ ಉತ್ತರವಿರಲಿಲ್ಲ.

ಇಂಥ ವಂಚನೆ ಒಂದೇ ರಾತ್ರಿಯಲ್ಲಿ ನಡೆಯುವುದಿಲ್ಲ. ನಿರ್ದೇಶಕರ ಬೀಗರಿಗೆ, ಪಾಲುದಾರರಿಗೆ ಸಾಲ ಹೋಗುತ್ತದೆ. ಅದು ಮರುಪಾವತಿಯಾಗದಿದ್ದಾಗ ಹೊಸ ಹೆಸರಿನಲ್ಲಿ ಮತ್ತೊಂದು ಸಾಲ ಬರೆದು ಹಳೆಯದನ್ನು ತೀರಿಸಿದಂತೆ ತೋರಿಸುತ್ತಾರೆ. ಕಾಗದದ ಮೇಲೆ ಸುಸ್ತಿ, ಅಂದರೆ ಅವಧಿ ಮೀರಿದ ಬಾಕಿ, ಇರುವುದಿಲ್ಲ, ವಾರ್ಷಿಕ ವರದಿಯಲ್ಲಿ ಲಾಭವಿರುತ್ತದೆ, ಸದಸ್ಯರಿಗೆ ಡಿವಿಡೆಂಡ್ ಕೂಡ ಸಿಗುತ್ತದೆ. ಕೆಲವೆಡೆ ನಕಲಿ ಚಿನ್ನ ಅಡವಿಟ್ಟು ಸಾಲ ತೆಗೆದದ್ದೂ ಉಂಟು.

ಒಂದು ಸೊಸೈಟಿ ಬಿದ್ದ ಸುದ್ದಿ ಹಬ್ಬಿದೊಡನೆ, ಪ್ರಾಮಾಣಿಕವಾಗಿ ನಡೆಯುತ್ತಿರುವ ಪಕ್ಕದ ಓಣಿಯ ಸೊಸೈಟಿಯ ಮುಂದೆಯೂ ಠೇವಣಿ ವಾಪಸು ಕೇಳುವವರ ಸಾಲು ನಿಲ್ಲುತ್ತದೆ. ಕೊಟ್ಟ ಸಾಲ ಅವಧಿಗೆ ಮುಂಚೆ ಕೈಗೆ ಬರುವುದಿಲ್ಲವಾದ್ದರಿಂದ ಅದು ಹೊಸ ಸಾಲ ನಿಲ್ಲಿಸುತ್ತದೆ. ಆಗ ನೇಕಾರ ನೂಲನ್ನು ಉದ್ರಿ ಕೇಳುತ್ತಾನೆ; ಹಳೆಯ ಬಾಕಿಯೇ ಬಾರದಿರುವಾಗ ನಾವು ಕೊಡಲು ಹಿಂಜರಿಯುತ್ತೇವೆ; ಅವನು ಬಡ್ಡಿ ವ್ಯವಹಾರದವರ ಮನೆಗೆ ಹೋಗುತ್ತಾನೆ. 1905ರಲ್ಲಿ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತರನ್ನು ಇದೇ ಬಡ್ಡಿಯ ಬಾಯಿಂದ ಬಿಡಿಸಲು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಐದು ಲಕ್ಷದವರೆಗೆ ಸರ್ಕಾರ ಕೊಡುತ್ತದೆ ಎಂದು ಬಹಳ ಜನ ಧೈರ್ಯದಿಂದಿದ್ದಾರೆ. 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ ಆ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳೂ ಸೇರಿ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಂಘಗಳಿಗೆ ಅದು ಇಲ್ಲ. ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯ್ದೆಯಿದ್ದು, ಅದರಡಿ ವಂಚಕರ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಬಹುದು. ಆದರೆ ದೂರು ದಾಖಲಾಗುವ ಹೊತ್ತಿಗೆ ಹೊಲ-ಮನೆಗಳು ಬೇರೆಯವರ ಹೆಸರಿಗೆ ಹೋಗಿದ್ದರೆ ಜಪ್ತಿ ಮಾಡಲು ಏನು ಉಳಿದೀತು?

ಆದ್ದರಿಂದ ನನ್ನ ಒತ್ತಾಯ ಬೀಗ ಬೀಳುವುದಕ್ಕೆ ಮುಂಚಿನದು. ನಿರ್ದೇಶಕರು ಮತ್ತು ಅವರ ಸಂಬಂಧಿಕರ ಸಾಲದ ಪಟ್ಟಿ, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳು ಕನ್ನಡದಲ್ಲಿ ಸೊಸೈಟಿಯ ಫಲಕದ ಮೇಲೆ ಬರಬೇಕು. ಸರ್ವಸಾಧಾರಣ ಸಭೆಗೆ ಹೋಗುವ ಸದಸ್ಯರು ಊಟ ಮುಗಿಸಿ ಸಹಿ ಹಾಕಿ ಬರುವ ಬದಲು, ಎದ್ದು ನಿಂತು ಇವೆರಡನ್ನೂ ಕೇಳಬೇಕು. ಕೊಡಲು ಒಪ್ಪದ ಸಂಘದ ವಿರುದ್ಧ ಸಹಕಾರ ಇಲಾಖೆಗೆ ಲಿಖಿತ ದೂರು ಕೊಡಬೇಕು.