ಕಮೋಡೋರ್ 64ಕ್ಕೆ ಯಾವ ಮಾನಿಟರ್? ಅದು ಎಲ್ಲಿ ಕೂರುತ್ತೆ ಅಂತ ಮೊದಲು ನೋಡಿ

ಎಂಬತ್ತರ ದಶಕದ ಕಂಪ್ಯೂಟರ್ ಕಮೋಡೋರ್ 64ರಲ್ಲಿ ಅಸೆಂಬ್ಲಿ (ಸಿಪಿಯುವಿನ ನೇರ ಆದೇಶಗಳ ಭಾಷೆ) ಬರೆಯಲು ಹೊರಟವರು ಡಿಬಗ್ಗಿಂಗ್‌ಗೆ ಮಾನಿಟರ್ (ಪರದೆಯಲ್ಲ, ಮೆಮೊರಿ ನೋಡಿ ತಿದ್ದುವ, ಕೋಡ್ ನಿಲ್ಲಿಸಿ ಪರೀಕ್ಷಿಸುವ ಪ್ರೋಗ್ರಾಂ) ಆರಿಸುವಾಗ ಕಮಾಂಡುಗಳ ಪಟ್ಟಿ ಹಿಡಿದು ಹೋಲಿಸ್ತಾರೆ. ಕಮಾಂಡುಗಳು ಎಲ್ಲದರಲ್ಲೂ ಹೆಚ್ಚುಕಡಿಮೆ ಅವೇ. ಆ ಮಾನಿಟರ್ ಮೆಮೊರಿಯಲ್ಲಿ ಎಲ್ಲಿ ಕೂರುತ್ತೆ, ನಿಮ್ಮ ಪ್ರೋಗ್ರಾಮಿನ ಏನನ್ನು ಕೆಡಿಸುತ್ತೆ ಅನ್ನೋದೇ ಮುಖ್ಯ. (ಅಡ್ರೆಸ್‌ಗಳನ್ನೆಲ್ಲ ದಶಮಾನದಲ್ಲೇ ಕೊಟ್ಟಿದ್ದೇನೆ.)

ಜಿಮ್ ಬಟರ್‌ಫೀಲ್ಡ್ ಅವರ ಸೂಪರ್‌ಮಾನ್ ಚಿಕ್ಕದು, ಉಚಿತ. ರನ್ ಕೊಟ್ಟರೆ 40960ಕ್ಕಿಂತ ಕೆಳಗೆ, ಬೇಸಿಕ್ ಮೆಮೊರಿಯ ತುದಿಗೆ ಹೋಗಿ ಕೂರುತ್ತೆ. 49152ರಲ್ಲಿರುವ ಸಣ್ಣ ರೊಟೀನ್ ಪರೀಕ್ಷಿಸಲು ಧಾರಾಳ ಸಾಕು. ಆದರೆ ಜೀರೋ ಪೇಜಿನ (ಮೆಮೊರಿಯ ಮೊದಲ 256 ಬೈಟ್) 193ರಿಂದ 196ರವರೆಗಿನ ಜಾಗ ಅದಕ್ಕೂ ಬೇಕು. ನಿಮ್ಮ ಪಾಯಿಂಟರ್ ಅಲ್ಲಿದ್ದರೆ, ಮಾನಿಟರಿಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಕೆಟ್ಟಿರುತ್ತೆ.

ಇಂಥ ಮಾನಿಟರುಗಳಲ್ಲಿ ಬ್ರೇಕ್‌ಪಾಯಿಂಟ್ ಅಂದರೆ ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಬೈಟ್ ಎತ್ತಿಟ್ಟು ಸೊನ್ನೆ, ಅಂದರೆ ಬಿಆರ್‌ಕೆ ಎಂಬ ‘ನಿಲ್ಲು’ ಆದೇಶ, ಬರೆಯುವುದು. ಆ ಆದೇಶ ಬಂದಾಗ 790–791ರ ವೆಕ್ಟರ್ (ಮುಂದೆ ಎಲ್ಲಿಗೆ ಹೋಗಬೇಕೆಂಬ ಅಡ್ರೆಸ್) ಮೂಲಕ ಮಾನಿಟರ್ ಎಚ್ಚೆತ್ತುಕೊಳ್ಳುತ್ತೆ. ರೋಮ್‌ನಲ್ಲಿ ಬರೆಯೋಕೇ ಆಗಲ್ಲ, ಹಾಗಾಗಿ ಅಲ್ಲಿ ಬ್ರೇಕ್‌ಪಾಯಿಂಟೂ ಇಲ್ಲ. ಇನ್‌ಸ್ಟ್ರಕ್ಷನ್ನಿನ ನಡುವಿನ ಬೈಟ್ ಮೇಲೆ ಇಟ್ಟರೆ ಪ್ರೋಗ್ರಾಂ ನಿಲ್ಲೋದಿಲ್ಲ, ಆಪರೆಂಡ್ (ಆದೇಶದ ಜೊತೆಗಿರುವ ಮೌಲ್ಯ) ಬದಲಾಗಿ ದಾರಿ ತಪ್ಪುತ್ತೆ. ಎಲ್ಲಕ್ಕಿಂತ ಕಾಡುವುದು ಇದು: ನೀವು 1ನೇ ಲೊಕೇಶನ್ನಿಗೆ 53 ಹಾಕಿ ಕರ್ನಲ್ ರೋಮ್ (64ರ ಮೂಲ ವ್ಯವಸ್ಥೆಯ ಕೋಡ್) ಆಫ್ ಮಾಡಿದ್ದರೆ, ಸಿಪಿಯು ವೆಕ್ಟರನ್ನು ರ‍್ಯಾಮ್‌ನ 65534–65535ರಿಂದ ಓದುತ್ತೆ. ಅಲ್ಲಿ ನೀವೇನೂ ಇಟ್ಟಿರದಿದ್ದರೆ ಬಿಆರ್‌ಕೆ ಬಂದ ಕ್ಷಣವೇ ಕ್ರ್ಯಾಶ್. ತಪ್ಪು ಕೋಡಿನದಲ್ಲ, ಮಾನಿಟರಿನ ಮಿತಿ.

ನಿಜವಾದ ಯಂತ್ರದಲ್ಲೇ ಕೆಲಸ ಅಂದರೆ ಫೈನಲ್ ಕಾರ್ಟ್ರಿಜ್ 3 ಅಥವಾ ಆ್ಯಕ್ಷನ್ ರಿಪ್ಲೇ ಎಂಬ, ಒಳಗೇ ಮಾನಿಟರ್ ಇರುವ ಕಾರ್ಟ್ರಿಜ್ ತಗೊಳ್ಳಿ. ಫ್ರೀಜ್ ಬಟನ್ ಒತ್ತಿದರೆ ಕಾರ್ಟ್ರಿಜ್ ತನ್ನದೇ ರೋಮ್ ತಂದಿಡುತ್ತೆ, ನಿಮ್ಮ ರ‍್ಯಾಮ್ ಹೆಚ್ಚುಕಡಿಮೆ ಇದ್ದ ಹಾಗೇ ಸಿಗುತ್ತೆ. ಸಿಪಿಯು ಏನಾದರೂ ‘2’ರಂಥ ಅನಧಿಕೃತ ಆಪ್‌ಕೋಡ್ ಓದಿ ಜಾಮ್ ಆಗಿದ್ದರೆ ಮಾತ್ರ ಫ್ರೀಜ್ ಬಟನ್ನಿಗೂ ಜಗ್ಗಲ್ಲ, ರೀಸೆಟ್ ಒಂದೇ ದಾರಿ. ರೀಸೆಟ್ ಆದರೆ ಜೀರೋ ಪೇಜ್ ಮತ್ತು 512ರಿಂದ 1023 ಅಳಿಸಿಹೋಗುತ್ತವೆ, 49152ರ ಕೋಡ್ ಉಳಿದಿರುತ್ತೆ.

ಹೊಸಬರಿಗೆ ನನ್ನ ಓಟು ಮಾತ್ರ ಪಿಸಿಯಲ್ಲಿ 64ನ್ನು ಅನುಕರಿಸುವ ವೈಸ್ ಎಮ್ಯುಲೇಟರಿನ ಮಾನಿಟರಿಗೆ. ಅದು 64ರ ಹೊರಗೆ ಕೂತಿರುವುದರಿಂದ ಒಂದು ಬೈಟೂ ಕೆಡಲ್ಲ, ರೋಮ್‌ನಲ್ಲೂ ನಿಲ್ಲಿಸಬಹುದು. ಬಾರ್ಡರ್ ಬಣ್ಣ ಯಾರು ಬದಲಿಸ್ತಿದ್ದಾರೆ ಗೊತ್ತಾಗಬೇಕಾ? ‘ವಾಚ್ ಸ್ಟೋರ್ +53280’ ಕೊಡಿ (53280 ಅಂದರೆ ಬಾರ್ಡರ್ ಬಣ್ಣದ ಅಡ್ರೆಸ್). ಪ್ಲಸ್ ಬಿಟ್ಟರೆ ಸಂಖ್ಯೆಯನ್ನು ಹೆಕ್ಸ್ (16ರ ಆಧಾರದ ಸಂಖ್ಯೆ) ಅಂದುಕೊಳ್ಳುತ್ತೆ. ಕಿಕ್ ಅಸೆಂಬ್ಲರ್ ಆಗಲಿ ಆಕ್ಮೆ ಆಗಲಿ (ಎರಡೂ ಅಸೆಂಬ್ಲಿಯನ್ನು ಸಿಪಿಯು ಕೋಡ್ ಮಾಡುವ ಪ್ರೋಗ್ರಾಂಗಳು) ಕೊಡುವ ಲೇಬಲ್ ಫೈಲ್ ಲೋಡ್ ಮಾಡಿಕೊಂಡರೆ ಅಡ್ರೆಸ್ ಬದಲು ನೀವಿಟ್ಟ ಹೆಸರುಗಳೇ ಕಾಣ್ತವೆ. ಇನ್ನೊಂದು ಲಾಭ: 56333ನ್ನು ಓದಿದರೆ ಸಿಐಎ (ಟೈಮರ್, ಕೀಬೋರ್ಡ್ ನೋಡಿಕೊಳ್ಳುವ ಚಿಪ್) ಇಂಟರಪ್ಟ್ ಫ್ಲ್ಯಾಗ್‌ಗಳು ಅಳಿಯುತ್ತವೆ, 53278 ಓದಿದರೆ ಸ್ಪ್ರೈಟ್ ಡಿಕ್ಕಿಯ ದಾಖಲೆ ಹೋಗುತ್ತೆ. 64ರ ಒಳಗೇ ಓಡುವ ಮಾನಿಟರಿನಲ್ಲಿ ಬರೀ ಮೆಮೊರಿ ಡಂಪ್ ನೋಡಿದ್ದಕ್ಕೇ ಸ್ಥಿತಿ ಬದಲಾಗಿಬಿಡಬಹುದು. ವೈಸ್‌ನಲ್ಲಿ ಸೈಡ್ ಎಫೆಕ್ಟ್ ಆಫ್ ಇಟ್ಟರೆ ಆ ತಾಪತ್ರಯ ಇಲ್ಲ.

ಟೈಮಿಂಗ್ ತೊಂದರೆಗೆ ಮಾತ್ರ ಯಾವ ಮಾನಿಟರೂ ಬೇಡ. ಇಂಟರಪ್ಟ್ ರೊಟೀನಿನ ಶುರುವಿನಲ್ಲಿ 53280ಕ್ಕೆ ಐಎನ್‌ಸಿ (ಒಂದು ಕೂಡಿಸು), ಕೊನೆಯಲ್ಲಿ ಡಿಇಸಿ (ಒಂದು ಕಳೆ) ಹಾಕಿ. ಬಾರ್ಡರಿನಲ್ಲಿ ಕಾಣುವ ಬಣ್ಣದ ಪಟ್ಟಿ ಎಷ್ಟು ಗೆರೆ ದಪ್ಪವೋ ಅಷ್ಟು ಹೊತ್ತು ನಿಮ್ಮ ಕೋಡ್ ತಗೊಂಡಿದೆ. ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಗೆರೆಗೆ 63 ಸೈಕಲ್, ಬ್ಯಾಡ್‌ಲೈನ್ (ವಿಕ್ ಚಿಪ್ ಪರದೆಯ ಅಕ್ಷರಗಳನ್ನು ಮೆಮೊರಿಯಿಂದ ಓದುವ ಗೆರೆ) ಆದರೆ ಅದರಲ್ಲಿ 40ಕ್ಕೂ ಹೆಚ್ಚು ಚಿತ್ರ ಮೂಡಿಸುವ ಆ ವಿಕ್ ಚಿಪ್ಪಿನ ಪಾಲು.