ಟ್ರೆಬಲ್‌ಗೆ ಕೈ ಹಾಕುವ ಮೊದಲು ಗೇನ್ ಇಳಿಸಿ ನೋಡಿ

ಎಲೆಕ್ಟ್ರಿಕ್ ಗಿಟಾರಿನ ಹೈ ಗೇನ್ ಟೋನ್‌ನಲ್ಲಿ (ಆಂಪ್‌ನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ನಾಬ್, ಜಾಸ್ತಿ ಇಟ್ಟಾಗ ಬರುವ ಒರಟು ಸದ್ದಿನಲ್ಲಿ) ಕಿವಿಗೆ ಚುಚ್ಚುವ ಆ 'ಜುಂಯ್' ಸದ್ದು ಹೋಗಬೇಕಾದರೆ ಟ್ರೆಬಲ್, ಅಂದರೆ ಮೇಲಿನ ಸ್ವರಗಳ ನಾಬ್, ಪೂರ್ತಿ ಇಳಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಸರಿ ಅನ್ನಿಸಲಿಲ್ಲ. ಹಾಗೆ ಮಾಡಿದರೆ ಗಿಟಾರ್ ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಜುಂಯ್ ಮಾತ್ರ ಉಳಿದೇ ಇರುತ್ತದೆ.

ನಾನು ತೀರ್ಥಹಳ್ಳಿ ಹತ್ತಿರ ಇರುವವನು. ಲ್ಯಾಪ್‌ಟಾಪ್, ಹೆಡ್‌ಫೋನ್ ಇಟ್ಟುಕೊಂಡು ನುಡಿಸುತ್ತೇನೆ. ಎರಡು ಮಳೆಗಾಲ ನನ್ನ ಡಿಸ್ಟಾರ್ಷನ್ (ಆ ಒರಟು ಸದ್ದು) ತಗಡಿನ ಮಾಡಿನ ಮೇಲೆ ಮಳೆ ಹೊಯ್ದ ಹಾಗೇ ಕೇಳುತ್ತಿತ್ತು. ಕಾರಣ ಇಷ್ಟೇ: ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್, ಹಾಕಿರಲಿಲ್ಲ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಾನಾಗಿಯೇ ತಗ್ಗಿಸುತ್ತದೆ. ಹೆಡ್‌ಫೋನ್ ಹಾಗಲ್ಲ, ಮೇಲಿನದೆಲ್ಲವನ್ನೂ ಕೇಳಿಸಿಬಿಡುತ್ತದೆ. ಒಂದು ಒಳ್ಳೆಯ ಇಂಪಲ್ಸ್ ರೆಸ್ಪಾನ್ಸ್ (ನಿಜವಾದ ಸ್ಪೀಕರಿನ ಗುಣ ಹಿಡಿದಿಟ್ಟ ಫೈಲ್) ಹಾಕಿ, ಆಮೇಲೆ 7-8 ಕಿಲೋಹರ್ಟ್ಸ್ ಹತ್ತಿರ ಹೈ ಕಟ್ (ಅದಕ್ಕಿಂತ ಮೇಲಿನದನ್ನು ತಗ್ಗಿಸುವ ಫಿಲ್ಟರ್) ಇಟ್ಟೆ. ಅರ್ಧ ತೊಂದರೆ ಅಲ್ಲೇ ಹೋಯಿತು.

ಇನ್ನರ್ಧ ಗೇನ್‌ನದು. ಸಿಗ್ನಲ್ ಹೆಚ್ಚು ಕ್ಲಿಪ್ ಆದಷ್ಟೂ (ಮಿತಿ ಮೀರಿ ಅದರ ತುದಿ ಕತ್ತರಿಸಿ ಹೋದಷ್ಟೂ) ಮೇಲಿನ ಹಾರ್ಮೋನಿಕ್ಸ್, ಅಂದರೆ ಮೂಲ ಸ್ವರಕ್ಕಿಂತ ಮೇಲಿನ ಸ್ವರಗಳು, ಜಾಸ್ತಿ ಹುಟ್ಟುತ್ತವೆ. ಗೇನ್ 8ರಿಂದ 5ಕ್ಕೆ ತನ್ನಿ. ಆಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಪೆಡಲ್ ಇಡಿ, ಅದರ ಡ್ರೈವ್ (ಒರಟುತನ) ಸೊನ್ನೆ, ಲೆವೆಲ್ (ಹೊರಬರುವ ಸದ್ದು) ಜಾಸ್ತಿ. ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಒತ್ತಿ ನುಡಿಸುವುದು) ಬಿಗಿಯಾಗುತ್ತದೆ, ಗೇನ್ ಕಮ್ಮಿ ಅಂತ ಅನ್ನಿಸುವುದೇ ಇಲ್ಲ. ಆಂಪ್‌ನಲ್ಲಿ ಮೇಲಿನ ಸ್ವರಗಳ ಹೊಳಪು ಹೊಂದಿಸುವ ಪ್ರೆಸೆನ್ಸ್ ನಾಬ್ ಕೂಡ ಸ್ವಲ್ಪ ಇಳಿಸಿ.

ಮೈಕ್ ಇಡುವ ಜಾಗದಿಂದಲೇ ಸದ್ದು ಬದಲಾಗುತ್ತದೆ ಎಂದು ನೀವು ಬರೆದದ್ದು ಮಾತ್ರ ನೂರಕ್ಕೆ ನೂರು ನಿಜ. ಶಿವಮೊಗ್ಗದಲ್ಲಿ ಗೆಳೆಯನ ಮನೆಯಲ್ಲಿ ಎಸ್‌ಎಂ57 ಮೈಕನ್ನು ಸ್ಪೀಕರಿನ ನಡುವಿನಿಂದ ಒಂದಿಂಚು ಅಂಚಿಗೆ ಸರಿಸಿದೆವು. ಯಾವ ನಾಬ್ ಕೂಡ ಮುಟ್ಟಲಿಲ್ಲ, ಆ ಕರ್ಕಶ ಅಲ್ಲೇ ಇಳಿಯಿತು.