ಗೆದ್ದರೆ ಒಂದು ಫಲಕ, ಅದಕ್ಕೂ ಮೋಸ

ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಬೇರೆಯವರನ್ನು ಸಂಪರ್ಕಿಸುವುದು. ಅದರ ಕಾಂಟೆಸ್ಟ್ ಗೆದ್ದರೆ ದುಡ್ಡು ಬರಲ್ಲ. ಒಂದು ಸರ್ಟಿಫಿಕೇಟ್, ಹೆಚ್ಚೆಂದರೆ ಗೋಡೆಗೆ ಹಾಕುವ ಒಂದು ಫಲಕ. ಅದಕ್ಕೂ ಮೋಸ ಮಾಡುವವರಿದ್ದಾರೆ ಅಂದರೆ ಹೊರಗಿನವರು ನಗುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಯಾಕೆಂದರೆ ಇಲ್ಲಿ ಸುಳ್ಳು ಹೇಳುವ ಅಗತ್ಯವೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ದೊಡ್ಡ ಕಾಂಟೆಸ್ಟ್ ಅಂದರೆ ಸಿಕ್ಯೂ ವರ್ಲ್ಡ್ ವೈಡ್. ಅಕ್ಟೋಬರ್ ಕೊನೆಯ ಪೂರ್ತಿ ವಾರಾಂತ್ಯ ಮಾತಿನಲ್ಲಿ, ನವೆಂಬರ್ ಕೊನೆಯ ಪೂರ್ತಿ ವಾರಾಂತ್ಯ ಮೋರ್ಸ್‌ನಲ್ಲಿ (ಚುಕ್ಕೆ-ಗೆರೆಗಳ ಸಂಕೇತ). ನಮಗೆ ಶನಿವಾರ ಬೆಳಗ್ಗೆ 5:30ಕ್ಕೆ ಶುರು, ಅಲ್ಲಿಂದ 48 ಗಂಟೆ. ಎಷ್ಟು ಸ್ಟೇಷನ್, ಎಷ್ಟು ದೇಶ, ಎಷ್ಟು ವಲಯ (ಕಾಂಟೆಸ್ಟ್‌ಗಾಗಿ ಜಗತ್ತನ್ನು ಭಾಗ ಮಾಡಿದ್ದು) ಸಿಕ್ಕವು ಅನ್ನುವುದರ ಮೇಲೆ ಅಂಕ. ನಾವು ಭಾರತದವರು ಕೊಡುವುದು "ಫೈವ್ ನೈನ್ ಟ್ವೆಂಟಿ ಟು", ಅಂದರೆ "ನಿಮ್ಮ ಸಿಗ್ನಲ್ ಸ್ಪಷ್ಟವಾಗಿ, ಜೋರಾಗಿ ಕೇಳ್ತಿದೆ" ಅನ್ನುವ ಸಿಗ್ನಲ್ ರಿಪೋರ್ಟು (ಫೈವ್ ನೈನ್) ಮತ್ತು ವಲಯ 22. (ಕಾಲ್‌ಸೈನ್, ಅಂದರೆ ಸ್ಟೇಷನ್ನಿನ ಗುರುತಿನ ಹೆಸರು, ಕೇಳಿಸದೆ ನಾಲ್ಕು ಸಲ ಹೇಳಿಸಿಕೊಂಡವರೂ ಕೊನೆಗೆ ಫೈವ್ ನೈನ್ ಅಂತಲೇ ಕೊಡ್ತಾರೆ. ಅದು ಎಲ್ಲರೂ ಒಪ್ಪಿಕೊಂಡ ಸುಳ್ಳು, ಬಿಡಿ.)

ಇಲ್ಲದ ಸಂಪರ್ಕವನ್ನು ಲಾಗ್‌ನಲ್ಲಿ, ಅಂದರೆ ಕಳಿಸಿಕೊಡುವ ಸಂಪರ್ಕಗಳ ಪಟ್ಟಿಯಲ್ಲಿ, ಬರೆದರೆ ನಡೆಯಲ್ಲ. ಎರಡೂ ಕಡೆಯ ಲಾಗ್ ತಾಳೆ ನೋಡ್ತಾರೆ, ಆ ಅಂಕವೂ ಹೋಗಿ ಮೇಲೆ ದಂಡ. ತೊಂದರೆ ಇರುವುದು ಕ್ಲಸ್ಟರ್ ಮತ್ತು ಪವರ್‌ನಲ್ಲಿ.

ಕ್ಲಸ್ಟರ್ ಅಂದರೆ ಯಾವ ಸ್ಟೇಷನ್ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಇಂಟರ್ನೆಟ್‌ನಲ್ಲಿ ಓಡುತ್ತಿರುವ ಪಟ್ಟಿ. ಅದನ್ನು ನೋಡುವುದು ತಪ್ಪೇ ಅಲ್ಲ, "ಅಸಿಸ್ಟೆಡ್" ಅನ್ನುವ ಬೇರೆ ವಿಭಾಗವೇ ಇದೆ. ಪಕ್ಕದಲ್ಲಿ ಪಟ್ಟಿ ತೆರೆದಿಟ್ಟುಕೊಂಡು, ಬರೀ ಕಿವಿ ನಂಬಿ ಆಡಿದೆ ಅಂತ ಬರೆದುಕೊಡುವುದು ತಪ್ಪು. ಇವರು ಸಿಕ್ಕಿಬೀಳುವ ರೀತಿ ತಮಾಷೆಯಾಗಿದೆ. ಮೋರ್ಸ್‌ನಲ್ಲಿ ಎಸ್ ಅಂದರೆ ಮೂರು ಚುಕ್ಕೆ, ಎಚ್ ಅಂದರೆ ನಾಲ್ಕು. ಯಾರೋ ಒಬ್ಬರು ಎಸ್ ಇರುವ ಕಾಲ್‌ಸೈನನ್ನು ಎಚ್ ಅಂತ ಪಟ್ಟಿಗೆ ಹಾಕ್ತಾರೆ. ಅರ್ಧ ನಿಮಿಷದಲ್ಲಿ ನಮ್ಮ "ಕಿವಿ ನಂಬಿದ" ಮಹಾನುಭಾವರ ಲಾಗ್‌ನಲ್ಲೂ ಅದೇ ಎಚ್! ಒಂದು ಸಲ ಆದರೆ ಕಾಕತಾಳೀಯ ಅನ್ನಬಹುದು, ಇಡೀ ಲಾಗ್ ತುಂಬ ಹಾಗೇ ಇದ್ದರೆ?

ಪವರ್ ವಿಷಯ ಇನ್ನೂ ಕಷ್ಟ. ಲೋ ಪವರ್ ವಿಭಾಗಕ್ಕೆ ಮಿತಿ 100 ವಾಟ್. 400 ವಾಟ್ ಹಾಕಿದರೆ ಹೆಚ್ಚಾಗುವುದು 6 ಡೆಸಿಬೆಲ್, ಸಿಗ್ನಲ್ ಮೀಟರ್‌ನಲ್ಲಿ ಒಂದು ಮನೆ. ಅಷ್ಟು ಏರಿಳಿತ ಸಿಗ್ನಲನ್ನು ವಾಪಸ್ ಬಗ್ಗಿಸುವ ಆಕಾಶದ ಪದರ, ಅಂದರೆ ಅಯಾನುಗೋಳದಿಂದಲೇ ಆಗ್ತಾ ಇರುತ್ತದೆ, ಆ ಕಡೆ ಕೇಳುವವನಿಗೆ ಅನುಮಾನವೇ ಬರಲ್ಲ. ಆದರೆ ಹತ್ತು ಜನ ಒಟ್ಟಿಗೆ ಕೂಗುವಾಗ ಆ ಒಂದು ಮನೆಯೇ ಸಾಕು, ಯಾರ ಕರೆ ಮೊದಲು ಸಿಗುತ್ತದೆ ಅಂತ ತೀರ್ಮಾನ ಆಗೋಕೆ. ನಷ್ಟ ಯಾರಿಗೆ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್‌ನವರನ್ನು ಕಾಡಿ ಬೇಡಿ ಟೆರೇಸಿನ ಮೇಲೆ ಒಂದು ತಂತಿ ಎಳೆದು, ನಿಜವಾಗಿ 100 ವಾಟ್‌ನಲ್ಲಿ ಕೂತವನಿಗೆ. ಆ ವಿಭಾಗ ಮಾಡಿದ್ದೇ ಅಂಥವನಿಗಾಗಿ. ಜಾಸ್ತಿ ಪವರ್ ಬೇಕಿದ್ದರೆ ಲೈಸೆನ್ಸ್ ಕೊಟ್ಟಷ್ಟು ಹಾಕಿಕೊಂಡು ಹೈ ಪವರ್ ಅಂತ ಬರೆಯಿರಿ, ಬೇಡ ಅಂದವರು ಯಾರು?

"ಹವ್ಯಾಸ ತಾನೇ, ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ತೀರಿ" ಅಂತ ಕೇಳುವವರಿಗೆ ಒಂದು ಮಾತು. ಡಬ್ಲ್ಯೂಆರ್‌ಟಿಸಿ ಅಂತ ವಿಶ್ವ ಚಾಂಪಿಯನ್‌ಶಿಪ್ ಇದೆ, 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿದ್ದು. ಈಗ ಅಲ್ಲಿ ಎಲ್ಲರಿಗೂ ಒಂದೇ ಥರದ ಆಂಟೆನಾ, ಅದೇ 100 ವಾಟ್, ಪ್ರತಿ ಸ್ಟೇಷನ್ನಿಗೂ ಒಬ್ಬ ರೆಫರಿ. ಆದರೆ ಅಲ್ಲಿಗೆ ಹೆಚ್ಚಿನವರು ಆಯ್ಕೆಯಾಗುವುದು ಮನೆಯಲ್ಲಿ ರೆಫರಿ ಇಲ್ಲದೆ ಆಡಿದ ಕಾಂಟೆಸ್ಟ್‌ಗಳ ಅಂಕದ ಮೇಲೆ. ಅಂದ ಮೇಲೆ ಸುಳ್ಳು ಅಂಕ ಬರೀ ಫಲಕಕ್ಕೆ ನಿಲ್ಲಲ್ಲ, ಇನ್ನೊಬ್ಬರ ಸೀಟನ್ನೂ ತಿನ್ನುತ್ತದೆ.

ಹೊಸದಾಗಿ ಲೈಸೆನ್ಸ್ ತಗೊಂಡವರು ಇದನ್ನೆಲ್ಲ ಓದಿ ಹಿಂಜರಿಯಬೇಡಿ. ನಮ್ಮ ವಲಯದಿಂದ ಆಡುವವರು ಕಡಿಮೆ, ಹಾಗಾಗಿ 22 ಅಂದರೆ ಯುರೋಪಿನವರು ಹುಡುಕಿಕೊಂಡು ಬರ್ತಾರೆ. ಅಕ್ಟೋಬರ್‌ನಲ್ಲಿ 100 ವಾಟ್ ಇಟ್ಟುಕೊಂಡೇ ಕೂರಿ, ಕರೆ ಬರುತ್ತವೆ.